ಬಲೆಗೆ ಬಿದ್ದು ಬದುಕಿದವಳು

(ನಮ್ಮೂರ ಗ್ರಂಥಾಲಯದ ತಿಂಗಳ ಮಾತುಕತೆಯಲ್ಲಿ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮೈಕಿನ ಕಿರಿಕಿರಿ, ನನ್ನ ಕೆಮ್ಮು ಎರಡನ್ನೂ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಹರಡಿರುವುದು ಒಂದು ಬೀಸುಬಲೆ. ಪಕ್ಕದ ಮನೆಯ ಅಕ್ಕನನ್ನು ಕೇಳಿ ತಂದಿದ್ದೇನೆ. ಅವರೂ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ನನ್ನ ಮಾತು ಕೇಳುವುದಕ್ಕೆ ಬಂದರೋ, ಬಲೆ ಹಾಳಾಗದ ಹಾಗೆ ಕಾಯುವುದಕ್ಕೆ ಬಂದರೋ, ಅವರನ್ನೇ ಕೇಳಬೇಕು.

ಕನ್ನಡದಲ್ಲಿ "ಬಲೆಗೆ ಬಿದ್ದ" ಅಂದರೆ ಅವನ ಕತೆ ಮುಗಿಯಿತು ಅಂತಲೇ ಅರ್ಥ. ಪೇಪರಿನಲ್ಲಿ ದಿನಾ ಓದುತ್ತೇವಲ್ಲ, "ಲೋಕಾಯುಕ್ತ ಬಲೆಗೆ ಅಧಿಕಾರಿ" ಅಂತ. ಬಲೆಗೆ ಬಿದ್ದು ಬಚಾವಾದವರ ಸುದ್ದಿ ನಾನಂತೂ ಓದಿಲ್ಲ. ಇವತ್ತು ಹೇಳಹೊರಟಿರುವುದು ಅಂಥ ಒಬ್ಬಳ ಕತೆ. ಬಲೆಗೆ ಬಿದ್ದಳು, ಅದಕ್ಕೇ ಬದುಕಿದಳು. ಹೆಸರು ಬ್ರಿಟೊಮಾರ್ಟಿಸ್. ಊರು ಗ್ರೀಸಿನ ದಕ್ಷಿಣಕ್ಕಿರುವ ಕ್ರೀಟ್ ದ್ವೀಪ.

ಪುರಾಣಕೋಶ ತೆಗೆದರೆ ಇವಳ ಬಗ್ಗೆ ಎರಡು ಮೂರು ಸಾಲು ಸಿಗುತ್ತದೆ. ಕ್ರೀಟ್‌ನ ಒಬ್ಬ ನಿಂಫ್, ಬೇಟೆಯ ಕಿರುದೇವತೆ, ಗ್ರೀಕರ ಬೇಟೆಯ ದೊಡ್ಡ ದೇವತೆ ಆರ್ಟೆಮಿಸ್ ದೇವಿಯ ಗೆಳತಿ. ಅಷ್ಟೇ. ಆ "ಕಿರು" ಅನ್ನುವ ಮಾತಿನ ಮೇಲೆ ನನಗೊಂದು ತಕರಾರಿದೆ. ಇವತ್ತಿನ ಮಾತೆಲ್ಲ ಆ ತಕರಾರೇ ಅಂದುಕೊಳ್ಳಿ.

ಮೊದಲು ನಿಂಫ್ ಅನ್ನುವ ಪದ. ನಾವು ಇದನ್ನು ಸುಮ್ನೆ "ಅಪ್ಸರೆ" ಅಂತ ಕನ್ನಡಕ್ಕೆ ತಂದುಬಿಡುತ್ತೇವೆ. ಅದು ಹೊಂದುವುದಿಲ್ಲ. ನಮ್ಮ ಅಪ್ಸರೆಯರು ಇಂದ್ರನ ಸಭೆಯವರು. ಕುಣಿಯುತ್ತಾರೆ, ಆಗಾಗ ಯಾರದೋ ತಪಸ್ಸು ಕೆಡಿಸಲು ಕೆಳಗೆ ಬರುತ್ತಾರೆ. ನಿಂಫ್‌ಗಳಿಗೆ ಅಂಥ ಸಭೆ ಇಲ್ಲ. ಅವರು ಬೆಟ್ಟದವರು, ಒರತೆಯವರು, ಮರದವರು. ಒಂದು ಜಾಗಕ್ಕೆ ಅಂಟಿಕೊಂಡವರು. ವನದೇವತೆ ಅಂದರೆ ಸ್ವಲ್ಪ ಹತ್ತಿರ. ಇನ್ನೂ ಒಂದು ತಮಾಷೆ ಇದೆ. ಗ್ರೀಕಿನಲ್ಲಿ "ನಿಂಫೆ" ಅಂದರೆ ಮದುಮಗಳು, ಮದುವೆ ವಯಸ್ಸಿಗೆ ಬಂದ ಹುಡುಗಿ ಅಂತಲೂ ಅರ್ಥ. ಆರ್ಟೆಮಿಸ್‌ಳ ಜೊತೆ ಕಾಡು ಸುತ್ತುವ ಹುಡುಗಿಯರೆಲ್ಲ ಮದುವೆ ಬೇಡ ಅಂತ ಹೊರಟವರು. ಅವರನ್ನು ಕರೆಯುವ ಹೆಸರು ಮಾತ್ರ ಮದುಮಗಳು!

ಈಗ ಕತೆಗೆ ಬರೋಣ. ಕ್ಯಾಲಿಮಾಕಸ್ ಅಂತ ಒಬ್ಬ ಕವಿ, ಕ್ರಿ.ಪೂ. 3ನೇ ಶತಮಾನದವನು. ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಕೂತು ಬರೆದವನು. ಅವನು ಆರ್ಟೆಮಿಸ್ ಮೇಲೆ ಒಂದು ದೊಡ್ಡ ಸ್ತೋತ್ರ ಬರೆದಿದ್ದಾನೆ. ಅದರಲ್ಲಿ ದೇವಿಯನ್ನೇ ಕೇಳುತ್ತಾನೆ, ನಿನಗೆ ಯಾವ ದ್ವೀಪ ಇಷ್ಟ, ಯಾವ ಬೆಟ್ಟ ಇಷ್ಟ, ಯಾವ ಗೆಳತಿ ಇಷ್ಟ ಅಂತ. ಉತ್ತರವನ್ನೂ ಅವನೇ ಕೊಡುತ್ತಾನೆ. ಎಲ್ಲರಿಗಿಂತ ಜಾಸ್ತಿ ಇಷ್ಟವಾದವಳು ಗೋರ್ಟಿನ್ ಊರಿನ ಬ್ರಿಟೊಮಾರ್ಟಿಸ್. ಜಿಂಕೆಮರಿ ಹೊಡೆಯುವವಳು, ಗುರಿ ತಪ್ಪದವಳು.

ಇವಳ ಮೇಲೆ ಮಿನೋಸ್‌ನ ಕಣ್ಣು ಬಿತ್ತು. ಕ್ರೀಟ್‌ನ ರಾಜ ಮಿನೋಸ್. ಗೂಳಿತಲೆಯ ಮಿನೋಟಾರ್‌ನನ್ನು ದಾರಿ ತಪ್ಪಿಸುವ ಮನೆಯೊಳಗೆ ಕೂಡಿಹಾಕಿದ್ದನಲ್ಲ, ಅವನೇ. ಅವನು ಬ್ರಿಟೊಮಾರ್ಟಿಸ್‌ಳ ಹಿಂದೆ ಬಿದ್ದ. ಒಂದು ದಿನ ಎರಡು ದಿನ ಅಲ್ಲ, ಒಂಬತ್ತು ತಿಂಗಳು. ಅವಳು ಒಮ್ಮೆ ಓಕ್ ಮರಗಳ ಪೊದೆಯಲ್ಲಿ ಅಡಗಿದಳು, ಇನ್ನೊಮ್ಮೆ ತಗ್ಗಿನ ಜೌಗು ಹುಲ್ಲುಗಾವಲಿನಲ್ಲಿ ಅಡಗಿದಳು. ಅವನು ಕಡಿದಾದ ಬೆಟ್ಟವನ್ನೆಲ್ಲ ಹತ್ತಿ ಇಳಿದ. ಕೊನೆಗೆ ಇನ್ನೇನು ಕೈಗೆ ಸಿಕ್ಕೇಬಿಟ್ಟಳು ಅನ್ನುವಾಗ ಅವಳು ಬಂಡೆಯ ತುದಿಯಿಂದ ಸಮುದ್ರಕ್ಕೆ ಹಾರಿದಳು. ಕೆಳಗೆ ಮೀನುಗಾರರ ಬಲೆ ಇತ್ತು. ಅದರಲ್ಲಿ ಬಿದ್ದಳು, ಉಳಿದಳು.

ಆ ಒಂಬತ್ತು ತಿಂಗಳ ಲೆಕ್ಕವನ್ನು ಗಮನಿಸಿ. ಗ್ರೀಕ್ ದೇವರುಗಳ ಕತೆಯಲ್ಲಿ ಗಂಡಸು ಹೆಣ್ಣಿನ ಬೆನ್ನು ಹತ್ತಿದರೆ ಒಂಬತ್ತು ತಿಂಗಳಿಗೆ ಸಾಮಾನ್ಯವಾಗಿ ಒಂದು ಮಗು ಹುಟ್ಟಿರುತ್ತದೆ. ಇಲ್ಲಿ ಒಂಬತ್ತು ತಿಂಗಳೂ ಓಟದಲ್ಲೇ ಕಳೆಯಿತು. ಕವಿ ಬೇಕೆಂದೇ ಆ ಸಂಖ್ಯೆ ಇಟ್ಟನೇ? ಇರಬಹುದು ಅಂತ ನನ್ನ ಗುಮಾನಿ. ಇನ್ನೊಂದು ವಿಷಯ, ಇಬ್ಬರಿಗೂ ಅಪ್ಪ ದೇವರುಗಳ ರಾಜ ಸ್ಯೂಸ್. ಮಿನೋಸ್‌ನ ತಾಯಿ ಯುರೋಪಾ, ಇವಳ ತಾಯಿ ಕಾರ್ಮೆ. ಅಂದರೆ ಓಡಿಸಿಕೊಂಡು ಬಂದವನು ಅಣ್ಣನೇ. ("ಜ್ಯೂಸ್" ಅಂತ ಬರೆದರೆ ಕಿತ್ತಳೆ ಹಣ್ಣು ನೆನಪಾಗುತ್ತದೆ. ಅದಕ್ಕೇ ನಾನು ಸ್ಯೂಸ್ ಅನ್ನುವುದು.)

ಬಲೆಗೆ ಗ್ರೀಕಿನಲ್ಲಿ "ಡಿಕ್ಟಿಯೋನ್" ಅನ್ನುತ್ತಾರೆ. ಹಾಗಾಗಿ ಅವಳಿಗೆ ಡಿಕ್ಟಿನ್ನಾ ಅಂತ ಹೆಸರು ಬಂತು ಅನ್ನುತ್ತಾನೆ ಕವಿ. ಬಲೆಯ ತಾಯಿ, ಬಲೆಯಮ್ಮ ಅಂದುಕೊಳ್ಳಿ. ಕಿಡೋನಿಯಾದ ಜನ, ಅಂದರೆ ಈಗಿನ ಹಾನ್ಯಾ ಊರಿನ ಕಡೆಯವರು, ಅವಳಿಗೆ ಬಲಿಪೀಠ ಕಟ್ಟಿ ಹಬ್ಬ ಮಾಡುತ್ತಿದ್ದರು.

ಆ ಹಬ್ಬದ ಒಂದು ಸಣ್ಣ ವಿವರ ನನಗೆ ಇಡೀ ಕತೆಗಿಂತ ಇಷ್ಟ. ಆ ದಿನ ತಲೆಗೆ ಮುಡಿಯುವ ಹಾರ ಪೈನ್ ಮರದ್ದಾಗಬೇಕು, ಇಲ್ಲವೇ ಮಾಸ್ಟಿಕ್ ಗಿಡದ್ದು. ಈ ಮಾಸ್ಟಿಕ್ ನಮ್ಮ ಪಿಸ್ತಾದ ನೆಂಟ. ಆದರೆ ಮರ್ಟಲ್ ಗಿಡವನ್ನು ಕೈಯಲ್ಲೂ ಮುಟ್ಟುವ ಹಾಗಿಲ್ಲ. ಯಾಕೆ? ಓಡುವಾಗ ಅವಳ ಬಟ್ಟೆ ಒಂದು ಮರ್ಟಲ್ ಕೊಂಬೆಗೆ ಸಿಕ್ಕಿಕೊಂಡಿತ್ತಂತೆ. ಆ ಸಿಟ್ಟು ಅವಳಿಗೆ ಹೋಗಲೇ ಇಲ್ಲ.

ಮರ್ಟಲ್ ನಮ್ಮ ನೇರಳೆ, ಸೀಬೆಯ ಕುಟುಂಬದ ಗಿಡ. ಎಲೆ ಉಜ್ಜಿದರೆ ಘಮ ಬರುತ್ತದೆ, ಬಿಳಿ ಹೂ ಬಿಡುತ್ತದೆ. ಮುಳ್ಳಿಲ್ಲದ ಸಾಧು ಗಿಡ. ಬಟ್ಟೆ ಹಿಡಿದು ಎಳೆಯುವುದಕ್ಕೆ ಬೆಟ್ಟದಲ್ಲಿ ಬೇಕಾದಷ್ಟು ಮುಳ್ಳುಗಿಡ ಇರುವಾಗ ಇದರ ಮೇಲೇ ಯಾಕೆ ಆರೋಪ? ಯಾಕೆಂದರೆ ಮರ್ಟಲ್ ಪ್ರೇಮದೇವತೆ ಅಫ್ರೊಡೈಟಿಯ ಗಿಡ. ಮದುವೆಯ ಹಾರಕ್ಕೆ ಬಳಸುವ ಗಿಡ. ಮದುವೆ ಬೇಡ ಅಂತ ಓಡುವವಳ ಸೆರಗನ್ನು ಮದುವೆಯ ಸೊಪ್ಪೇ ಹಿಡಿದು ಜಗ್ಗುತ್ತದೆ! ಇದನ್ನು ಕಟ್ಟಿದವನು ಕವಿಯೋ, ಆ ಊರಿನ ಯಾವುದೋ ಅಜ್ಜಿಯೋ. ಅಜ್ಜಿಯೇ ಇರಬೇಕು ಅಂತ ನನ್ನ ಆಸೆ.

ಕತೆ ಇಷ್ಟು ಚೆನ್ನಾಗಿದೆ. ಆದರೆ ಇದನ್ನು ಒಪ್ಪದವನೂ ಒಬ್ಬನಿದ್ದ. ಡಯೋಡೋರಸ್, ಸಿಸಿಲಿಯವನು, ಕ್ರಿ.ಪೂ. 1ನೇ ಶತಮಾನದ ಇತಿಹಾಸಕಾರ. ಅವನ ಪ್ರಕಾರ ಬ್ರಿಟೊಮಾರ್ಟಿಸ್ ಹುಟ್ಟಿದ್ದು ಕ್ರೀಟ್‌ನ ಕೈನೋ ಅನ್ನುವಲ್ಲಿ. ಬೇಟೆಗೆ ಬಳಸುವ ಬಲೆಯನ್ನು ಮೊದಲು ಕಂಡುಹಿಡಿದವಳೇ ಅವಳು. ಡಿಕ್ಟಿನ್ನಾ ಅನ್ನುವ ಹೆಸರು ಬಂದಿದ್ದೇ ಅದರಿಂದ. ಮೀನುಗಾರರ ಬಲೆಗೆ ಬಿದ್ದಳು ಅನ್ನುವವರಿಗೆ ನಿಜ ಗೊತ್ತಿಲ್ಲ ಅನ್ನುತ್ತಾನೆ. ಅವನ ವಾದ ನೋಡಿ, ಒಳ್ಳೆ ವಕೀಲರ ವಾದ. ದೇವರಲ್ಲೇ ದೊಡ್ಡವನ ಮಗಳು ಇವಳು, ಮನುಷ್ಯರ ಸಹಾಯ ಬೇಕಾಗುವಷ್ಟು ದಿಕ್ಕಿಲ್ಲದವಳಾಗುವುದು ಹೇಗೆ? ಮಿನೋಸ್‌ನಾದರೂ ಎಂಥವನು? ನ್ಯಾಯವಂತ ಅಂತ ಎಲ್ಲರೂ ಒಪ್ಪಿದವನು. ಅಂಥವನ ಮೇಲೆ ಇಂಥ ಪಾಪ ಹೊರಿಸುವುದು ಸರಿಯೇ?

ಮೊದಲನೇ ವಾದಕ್ಕೆ ನಾನು ತಲೆದೂಗುತ್ತೇನೆ. ಎರಡನೆಯದಕ್ಕೆ ಸ್ವಲ್ಪ ನಗು ಬರುತ್ತದೆ. "ಅವರು ತುಂಬಾ ದೊಡ್ಡ ಮನುಷ್ಯರು, ಅಂಥ ಕೆಲಸ ಮಾಡಿರಲಾರರು" ಅನ್ನುವ ಮಾತು ನಾವು ಕೇಳದ್ದಲ್ಲ, ಅಲ್ವಾ? ಹಾಗಂತ ಮಿನೋಸ್‌ಗೂ ಒಂದು ಮಾತು ಸಲ್ಲಬೇಕು. ಅವನನ್ನು ಕೆಟ್ಟವನನ್ನಾಗಿ ಮಾಡಿದ್ದು ಮುಖ್ಯವಾಗಿ ಅಥೆನ್ಸಿನ ನಾಟಕದವರು. ಒಳ್ಳೆಯ ಸಾಹಿತ್ಯ ಇರುವ ಊರಿನ ಜೊತೆ ಜಗಳ ಕಟ್ಟಿಕೊಳ್ಳುವುದು ಅಪಾಯ ಅಂತ ಗ್ರೀಕ್ ಲೇಖಕ ಪ್ಲೂಟಾರ್ಕ್ ಅವನ ವಿಷಯಕ್ಕೇ ಹೇಳಿದ್ದಾನೆ.

ಹಾಗಾದರೆ ಬಲೆಯ ಎರಡು ಕತೆ ಆಯಿತು. ಒಂದರಲ್ಲಿ ಅವಳು ಬಲೆಗೆ ಬಿದ್ದವಳು, ಇನ್ನೊಂದರಲ್ಲಿ ಬಲೆ ಹೆಣೆದವಳು. ಯಾವುದನ್ನು ನಂಬುವುದು ಅಂತ ಕೇಳುವ ಮೊದಲು, ಯಾವ ಬಲೆ ಅಂತ ಕೇಳಬೇಕು.

ಕನ್ನಡದಲ್ಲಿ ಮೀನಿಗೂ ಬಲೆ, ಮೊಲಕ್ಕೂ ಬಲೆ. ಗ್ರೀಕಿನ ಡಿಕ್ಟಿಯೋನ್ ಕೂಡ ಹಾಗೇ, ಎರಡಕ್ಕೂ ಒಂದೇ ಪದ. ಎರಡೂ ಕತೆ ಹುಟ್ಟುವುದಕ್ಕೆ ಆ ಒಂದು ಪದವೇ ಸಾಕಾಯಿತು. ಬೇಟೆಯ ಬಲೆ ಹೇಗಿತ್ತು ಅನ್ನುವುದು ಚೆನ್ನಾಗಿ ಗೊತ್ತಿದೆ. ಕ್ಸೆನೊಫೋನ್ ಅನ್ನುವ ಗ್ರೀಕ್ ಲೇಖಕನ ಹೆಸರಿನಲ್ಲಿ ಬೇಟೆಯ ಮೇಲೊಂದು ಪುಸ್ತಕ ಉಳಿದಿದೆ. ಮೊಲ ಹಿಡಿಯುವುದಕ್ಕೆ ಮೂರು ಥರದ ಬಲೆ ಹೇಳುತ್ತಾನೆ. ಮೊದಲನೆಯದು ಚೀಲದಂಥ ಬಲೆ, ಒಂಬತ್ತು ಎಳೆಯ ಹುರಿಯದ್ದು. ಎರಡನೆಯದು ದಾರಿಗೆ ಅಡ್ಡ ಕಟ್ಟುವ ಬಲೆ, ಹನ್ನೆರಡು ಎಳೆ. ಮೂರನೆಯದು ಉದ್ದ ಬಲೆ, ಹದಿನಾರು ಎಳೆ. ಡಿಕ್ಟಿಯೋನ್ ಅಂದರೆ ಇದೇ. ಉದ್ದ 10, 20, ಇಲ್ಲವೇ 30 ಮಾರು. ಮಾರು ಅಂತ ನಾನು ಸೊಗಸಿಗೆ ಹೇಳುತ್ತಿಲ್ಲ. ಅವರ ಅಳತೆಯೂ ಎರಡು ಕೈ ಚಾಚಿದಷ್ಟೇ, ನಾವು ಹೂ ಅಳೆದ ಹಾಗೆ.

ನೂಲು ಅಗಸೆ ನಾರಿನದು. ಅದೂ ತೆಳುವಾದದ್ದೇ ಬೇಕು, ಕಪ್ಪು ಸಮುದ್ರದ ಪೂರ್ವ ತುದಿಯ ಫಾಸಿಸ್ ಕಡೆಯದು ಅಥವಾ ಕಾರ್ತೇಜಿನದು ಆಗಬೇಕು ಅನ್ನುತ್ತಾನೆ. ಬಲೆಗಳನ್ನು ಕರುವಿನ ಚರ್ಮದ ಚೀಲದಲ್ಲಿ ತುಂಬಿ ಬೆಳಿಗ್ಗೆಯೇ ಹೊರಡಬೇಕು. ಬಲೆ ಕಾಯುವುದಕ್ಕೆ ಒಬ್ಬ ಹುಡುಗ ಬೇಕು. ಇಪ್ಪತ್ತರ ಹತ್ತಿರದವನು, ಚುರುಕಾಗಿರುವವನು, ಕೆಲಸದಲ್ಲಿ ಆಸಕ್ತಿ ಇರುವವನು. ಅವನು ಕವಲುಗೂಟ ನೆಟ್ಟು ಬಲೆ ಏರಿಸಿ ಸದ್ದಿಲ್ಲದೆ ಕಾಯಬೇಕು. ನಾಯಿಗಳು ಮೊಲವನ್ನು ಎಬ್ಬಿಸಿ ಆ ಕಡೆಗೆ ಅಟ್ಟುತ್ತವೆ.

ನೋಡಿ, ಇದು ನಾವು ಚಿತ್ರದಲ್ಲಿ ನೋಡುವ ಬೇಟೆ ಅಲ್ಲ. ಬಿಲ್ಲು ಎತ್ತಿ ನಿಂತ ದೇವಿ, ಪಕ್ಕದಲ್ಲಿ ಜಿಂಕೆ, ಆ ಥರ ಏನೂ ಇಲ್ಲ. ಇದು ಹುರಿ ಹೊಸೆಯುವ, ಕಣ್ಣು ಹಾಕುವ, ಗೂಟ ನೆಡುವ, ಕಾಯುವ ಕೆಲಸ. ಪ್ಲೇಟೋ ಇದನ್ನು ಇಷ್ಟಪಡುತ್ತಿರಲಿಲ್ಲ. ಅವನು ಮುಪ್ಪಿನಲ್ಲಿ ಕಾನೂನುಗಳ ಮೇಲೆ ಒಂದು ದೊಡ್ಡ ಸಂಭಾಷಣೆ ಬರೆದ. ಅದರಲ್ಲಿ ಕುದುರೆ, ನಾಯಿ, ಮೈಬಲದಿಂದ ಮಾಡುವ ಬೇಟೆಯೇ ಬೇಟೆ ಅನ್ನುತ್ತಾನೆ. ರಾತ್ರಿ ಬಲೆ ಉರುಲು ಇಟ್ಟು ಹಿಡಿಯುವುದು ಸೋಮಾರಿಗಳ ಕೆಲಸವಂತೆ. ಸಮುದ್ರದ ಬೇಟೆಯ ಆಸೆಯೂ ಹುಡುಗರಿಗೆ ಬರದಿರಲಿ ಅಂತ ಹಾರೈಸುತ್ತಾನೆ. ಆ ಸಂಭಾಷಣೆ ನಡೆಯುವುದು ಎಲ್ಲಿ ಗೊತ್ತಾ? ಕ್ರೀಟ್‌ನಲ್ಲೇ. ಮೂವರು ಮುದುಕರು ನೋಸಸ್ ಊರಿನಿಂದ ಸ್ಯೂಸ್‌ನ ಗುಹೆಯ ಕಡೆ ನಡೆಯುತ್ತಾ ಮಾತಾಡುತ್ತಾರೆ. ಬಲೆಯಮ್ಮನ ದ್ವೀಪದಲ್ಲೇ ನಿಂತು ಬಲೆಯನ್ನು ಬೈದ ಹಾಗಾಯಿತು. ರಾಜಕುಮಾರರ ಕೈಯಲ್ಲಿ ಈಟಿ ಇರುತ್ತದೆ. ಬಲೆ ಹೊಟ್ಟೆಪಾಡಿನವರದು. ಇವಳು ಯಾರ ದೇವರಾಗಿದ್ದಳು ಅನ್ನುವುದು ಇಲ್ಲಿ ಸ್ವಲ್ಪ ಕಾಣುತ್ತದೆ.

ಇನ್ನು ಹೆಸರಿನ ವಿಷಯ. ಬಲೆಯಿಂದ ಡಿಕ್ಟಿನ್ನಾ ಅನ್ನುವುದು ಕೇಳುವುದಕ್ಕೆ ಸಲೀಸು. ಆದರೆ ಕ್ರೀಟ್‌ನಲ್ಲಿ ಡಿಕ್ಟೆ ಅಂತ ಒಂದು ಬೆಟ್ಟ ಇದೆ. ಹೆಸರು ಆ ಬೆಟ್ಟದಿಂದಲೇ ಬಂದಿರಬೇಕು, ಬಲೆಯ ಕತೆ ಆಮೇಲೆ ಅಂಟಿಕೊಂಡಿದ್ದು ಅನ್ನುವ ವಿದ್ವಾಂಸರು ಬಹಳ ಜನ. ನಮ್ಮಲ್ಲೂ ಊರಿನ ಹೆಸರು ಅರ್ಥವಾಗದಿದ್ದರೆ ಒಂದು ಕತೆ ಕಟ್ಟುತ್ತೇವೆ. ಬೆಂದ ಕಾಳಿನಿಂದ ಬೆಂಗಳೂರು ಬಂದ ಹಾಗೆ. ಕ್ಯಾಲಿಮಾಕಸ್ ಅವಳು ಹಾರಿದ ಬೆಟ್ಟವೇ ಡಿಕ್ಟೆ ಅಂತ ಹೇಳಿ, ಬೆಟ್ಟವನ್ನೂ ಬಲೆಯನ್ನೂ ಸೇರಿಸಿ ಗಂಟು ಹಾಕಿದ. ಅದಕ್ಕೆ ಭೂಗೋಳದ ಸ್ಟ್ರಾಬೋ ರೇಗಿದ. ಡಿಕ್ಟೆ ಇರುವುದು ದ್ವೀಪದ ಪೂರ್ವಕ್ಕೆ, ಕಿಡೋನಿಯಾ ಇರುವುದು ಪಶ್ಚಿಮದ ತುದಿಗೆ. ಅಲ್ಲಿರುವ ಗುಡಿ ಟಿಟಿರೋಸ್ ಬೆಟ್ಟದ ಮೇಲಿದೆ, ಅದು ಡಿಕ್ಟಿನ್ನಾಳ ಗುಡಿ, ಡಿಕ್ಟೆಯದ್ದಲ್ಲ ಅಂತ ತಿದ್ದಿದ. ಕ್ರೀಟ್ ಪೂರ್ವ ಪಶ್ಚಿಮವಾಗಿ ಸುಮಾರು 260 ಕಿಲೋಮೀಟರ್ ಉದ್ದ. ಅಲೆಕ್ಸಾಂಡ್ರಿಯದಲ್ಲಿ ಕೂತು ಬರೆದರೆ ಹೀಗೆಲ್ಲ ಆಗುತ್ತದೆ.

ಬ್ರಿಟೊಮಾರ್ಟಿಸ್ ಅನ್ನುವುದು ಅದಕ್ಕಿಂತ ಹಳೆಯದು. ಗ್ರೀಕರಿಗೇ ಅದು ಅರ್ಥವಾಗುತ್ತಿರಲಿಲ್ಲ. ಸೊಲಿನಸ್ ಅನ್ನುವ ಲ್ಯಾಟಿನ್ ಲೇಖಕ ಕ್ರೀಟ್‌ನವರ ಮಾತಿನಲ್ಲಿ ಅದರ ಅರ್ಥ "ಸಿಹಿ ಕನ್ಯೆ" ಅನ್ನುತ್ತಾನೆ. ಹೆಸಿಕಿಯಸ್ ಅನ್ನುವವನ ನಿಘಂಟಿನಲ್ಲಿ ಒಂದು ನಮೂದು ಇದೆ. "ಬ್ರಿಟು" ಅಂದರೆ ಸಿಹಿ, ಕ್ರೀಟ್‌ನವರ ಮಾತು. ಗ್ರೀಕರು ಬರುವ ಮೊದಲು ಆ ದ್ವೀಪದಲ್ಲಿ ಬೇರೆ ಜನ ಇದ್ದರು, ಅವರ ಬರಹವನ್ನು ಇವತ್ತಿಗೂ ಯಾರೂ ಓದಲಾಗಿಲ್ಲ. ಆ ಕಾಲದ ದೇವತೆಯೊಬ್ಬಳು ಹೀಗೆ ಹೆಸರು ಉಳಿಸಿಕೊಂಡು ಬಂದಿರಬೇಕು ಅನ್ನುವ ಊಹೆಯನ್ನು ನಾನು ನಂಬುತ್ತೇನೆ. ಬಂದವರ ದೇವರು ಆರ್ಟೆಮಿಸ್. ಇದ್ದವಳು ಅವಳ ಗೆಳತಿಯಾದಳು, ನಿಂಫ್ ಆದಳು, "ಕಿರು" ಆದಳು.

ಆದರೆ ಕ್ರೀಟ್‌ನವರು ಹಾಗೆ ಅಂದುಕೊಂಡಿರಲಿಲ್ಲ. ಡ್ರೀರೋಸ್ ಅನ್ನುವ ಸಣ್ಣ ಊರಿನ ಒಂದು ಶಾಸನ ಇದೆ. 180 ಹುಡುಗರು ಪೌರರಾಗುವ ಮೊದಲು ಮಾಡಿದ ಪ್ರಮಾಣ. ಪಕ್ಕದ ಊರಾದ ಲಿಟ್ಟೋಸ್‌ನವರಿಗೆ ಎಂದೂ ಒಳ್ಳೆಯದು ಬಯಸುವುದಿಲ್ಲ, ಹಗಲಲ್ಲೂ ಇಲ್ಲ, ರಾತ್ರಿಯಲ್ಲೂ ಇಲ್ಲ ಅಂತ ಆಣೆ ಹಾಕುತ್ತಾರೆ. ಎಂಥಾ ದ್ವೇಷ ನೋಡಿ! ಯಾರ ಮೇಲೆ ಆಣೆ ಅನ್ನುವ ಪಟ್ಟಿ ಉದ್ದವಾಗಿದೆ. ಸ್ಯೂಸ್, ಅಪೋಲೋ, ಅಥೀನಾ, ಲೀಟೋ, ಆರ್ಟೆಮಿಸ್, ಅಫ್ರೊಡೈಟಿ, ಸೂರ್ಯ, ಆಮೇಲೆ ಬ್ರಿಟೊಮಾರ್ಟಿಸ್. ಆರ್ಟೆಮಿಸ್ ಬೇರೆ, ಬ್ರಿಟೊಮಾರ್ಟಿಸ್ ಬೇರೆ. ಇಬ್ಬರೂ ಒಂದೇ ಅನ್ನುವ ಮಾತು ಹೊರಗಿನವರದು. ಆಣೆ ಹಾಕುವಾಗ ಜನ ಸುಮ್ನೆ ಯಾರ್ಯಾರದೋ ಹೆಸರು ಸೇರಿಸುವುದಿಲ್ಲ. ತಪ್ಪಿದರೆ ಶಿಕ್ಷೆ ಕೊಡಬಲ್ಲವರ ಹೆಸರನ್ನೇ ಹೇಳುತ್ತಾರೆ.

ಪೂರ್ವ ಕ್ರೀಟ್‌ನ ಒಲೂಸ್ ಊರಿನಲ್ಲಿ ಅವಳ ಮರದ ಮೂರ್ತಿ ಇತ್ತು, ಕೆತ್ತಿದವನು ಡೇಡಲಸ್ ಅಂತ ಪ್ರವಾಸಿ ಪೌಸೇನಿಯಸ್ ಬರೆಯುತ್ತಾನೆ. ನಮ್ಮಲ್ಲಿ ಚೆಂದದ ಗುಡಿ ಕಂಡರೆ ಜಕಣಾಚಾರಿ ಅನ್ನುವ ಹಾಗೆ ಅವರಿಗೆ ಡೇಡಲಸ್. ಆ ಊರಿನ ಒಂದು ಭಾಗ ಈಗ ನೀರಿನೊಳಗಿದೆ.

ಪಶ್ಚಿಮದ ಗುಡಿ ಇನ್ನೂ ದೊಡ್ಡದು. ಹಾನ್ಯಾದ ಪಶ್ಚಿಮಕ್ಕೆ ರೊಡೊಪೂ ಅಂತ ಒಂದು ಬೋಳು ಭೂಶಿರ ಸಮುದ್ರದೊಳಕ್ಕೆ ಚಾಚಿದೆ. ಅದರ ತುದಿಯ ಹತ್ತಿರ, ಸಣ್ಣ ಕೊಲ್ಲಿಯೊಂದರ ಮೇಲೆ, ಡಿಕ್ಟಿನ್ನಾಳ ಗುಡಿಯ ಅವಶೇಷ ಇದೆ. ಹಡಗಿನವರಿಗೆ ದೂರದಿಂದ ಕಾಣುವ ಜಾಗ. ರೋಮನ್ನರ ಕಾಲಕ್ಕೆ ಈ ಗುಡಿಯ ಹುಂಡಿ ಎಷ್ಟು ತುಂಬಿತ್ತು ಅಂದರೆ, ದೇವಿಯ ದುಡ್ಡಿನಿಂದ ಕ್ರೀಟ್‌ನಲ್ಲಿ ರಸ್ತೆ ಮಾಡಿಸಿದರು. ಮೈಲಿಗಲ್ಲುಗಳ ಮೇಲೆ ಹಾಗಂತ ಬರೆಸಿದ್ದಾರೆ. ಕಿರುದೇವತೆ ಹಾಕಿಸಿದ ರಸ್ತೆ!

ಅಷ್ಟು ದುಡ್ಡಿದ್ದ ಮೇಲೆ ಕಾವಲೂ ಬೇಕಲ್ಲ. ನಾಯಿಗಳಿದ್ದವು. ಕರಡಿಗೂ ಕಡಿಮೆ ಇಲ್ಲದ ನಾಯಿಗಳು ಅಂತ ಅಲ್ಲಿಯವರು ಜಂಬ ಕೊಚ್ಚುತ್ತಿದ್ದರು. ಅಪೊಲೋನಿಯಸ್ ಅನ್ನುವ ಸಾಧು ಅವನ ಕೊನೆಗಾಲದಲ್ಲಿ ಒಂದು ಅಪರಾತ್ರಿ ಅಲ್ಲಿಗೆ ಹೋದನಂತೆ. ನಾಯಿಗಳು ಬೊಗಳಲಿಲ್ಲ. ಗುರುತಿನವರನ್ನು ಕಂಡ ಹಾಗೆ ಬಾಲ ಅಲ್ಲಾಡಿಸಿ ಹತ್ತಿರ ಬಂದವು. ಗುಡಿಯವರಿಗೆ ಅನುಮಾನ ಬಂತು. ಇವನು ಮಾಟಗಾರ, ಕಳ್ಳ, ನಾಯಿಗಳಿಗೆ ಏನೋ ತಿನ್ನಿಸಿದ್ದಾನೆ ಅಂತ ಕಟ್ಟಿಹಾಕಿದರು. ನಡುರಾತ್ರಿ ಅವನು ಕಟ್ಟು ಬಿಚ್ಚಿಕೊಂಡು, ಕಟ್ಟಿದವರನ್ನೇ ಕರೆದು ತೋರಿಸಿ, ಗುಡಿಯೊಳಕ್ಕೆ ಓಡಿದ. ಬಾಗಿಲು ತಾನಾಗಿ ತೆರೆಯಿತು, ಮುಚ್ಚಿತು, ಒಳಗಿಂದ ಹುಡುಗಿಯರ ಹಾಡು ಕೇಳಿಸಿತು. ಇದನ್ನು ಬರೆದ ಫಿಲೋಸ್ಟ್ರಾಟಸ್‌ಗೆ ಸಾಧುವಿನ ಮಹಿಮೆ ಮುಖ್ಯ. ನನಗೆ ನಾಯಿಗಳು ಮುಖ್ಯ.

ಯಾಕೆಂದರೆ ಈ ನಾಯಿಗಳು ಅಥೆನ್ಸಿನ ರಂಗದ ಮೇಲೂ ಒಮ್ಮೆ ಬಂದು ಹೋಗಿವೆ. ಕ್ರಿ.ಪೂ. 405ರಲ್ಲಿ ಅರಿಸ್ಟೋಫೇನಿಸ್‌ನ "ಕಪ್ಪೆಗಳು" ನಾಟಕ ಆಯಿತು. ಸತ್ತ ಇಬ್ಬರು ನಾಟಕಕಾರರು, ಈಸ್ಕಿಲಸ್ ಮತ್ತು ಯೂರಿಪಿಡಿಸ್, ಪಾತಾಳದಲ್ಲಿ ಯಾರು ದೊಡ್ಡವರು ಅಂತ ಜಗಳಕ್ಕೆ ಬೀಳುತ್ತಾರೆ. ಯೂರಿಪಿಡಿಸ್‌ನ ಶೈಲಿಯನ್ನು ಅಣಕಿಸಲು ಈಸ್ಕಿಲಸ್ ಒಂದು ಹಾಡು ಕಟ್ಟಿ ಹೇಳುತ್ತಾನೆ. ಒಬ್ಬಳು ಬಡ ಹೆಂಗಸು. ರಾತ್ರಿ ಕೆಟ್ಟ ಕನಸು ಬಿದ್ದಿದೆ. ಎದ್ದು ನೋಡಿದರೆ ಮನೆಯ ಹುಂಜ ಇಲ್ಲ. ನೆರೆಮನೆಯ ಗ್ಲಿಕೆ ಕದ್ದೊಯ್ದಿದ್ದಾಳೆ! ಅವಳ ಗೋಳು ನೋಡಿ. "ನಾನು ಪಾಪದವಳು, ನನ್ನಷ್ಟಕ್ಕೆ ನಾರು ನೂಲುತ್ತಾ ಕೂತಿದ್ದೆ, ನಸುಕಿನಲ್ಲಿ ಸಂತೆಗೆ ಒಯ್ದು ಮಾರೋಣ ಅಂತ." ಆಮೇಲೆ ಕೂಗುತ್ತಾಳೆ. ಕ್ರೀಟ್‌ನ ಬಿಲ್ಲುಗಾರರೇ ಬನ್ನಿ, ಮನೆ ಸುತ್ತುವರಿಯಿರಿ. ಡಿಕ್ಟಿನ್ನಾ ತಾಯಿ, ನಿನ್ನ ಹೆಣ್ಣುನಾಯಿಮರಿಗಳನ್ನು ಕರೆದುಕೊಂಡು ಬಾ, ಮನೆಯ ಮೂಲೆಮೂಲೆ ಹುಡುಕಿಸು. ಹೆಕಟೆ, ಎರಡು ಕೈಯಲ್ಲೂ ಪಂಜು ಹಿಡಿದು ಗ್ಲಿಕೆಯ ಮನೆಗೆ ದಾರಿ ತೋರಿಸು. ಎಲ್ಲಾ ಒಂದು ಹುಂಜಕ್ಕೆ.

ನೋಡುವವರು ಬಿದ್ದು ಬಿದ್ದು ನಕ್ಕಿರಬೇಕು. ಇಷ್ಟು ಸಣ್ಣ ಕಳ್ಳತನಕ್ಕೆ ಅಷ್ಟು ದೊಡ್ಡ ದೇವರನ್ನು ಕರೆಯುತ್ತಾಳಲ್ಲ ಅನ್ನುವುದೇ ಜೋಕು. ಡಿಕ್ಟಿನ್ನಾ ನಿಜವಾಗಿ ಸಣ್ಣವಳಾಗಿದ್ದರೆ ಅದು ಜೋಕೇ ಆಗುತ್ತಿರಲಿಲ್ಲ. ಇನ್ನೊಂದು ಕಡೆಯಿಂದ ನೋಡಿದರೆ ಆ ಹೆಂಗಸು ಸರಿಯಾದ ದೇವರನ್ನೇ ಕರೆದಿದ್ದಾಳೆ. ಅವಳ ಕದಿರಿನಲ್ಲಿ ಇರುವುದು ಅಗಸೆ ನಾರು. ಬಲೆ ಆಗುವುದೂ ಅದರಿಂದಲೇ. ಕ್ಸೆನೊಫೋನ್ ಒಂಬತ್ತು ಎಳೆ, ಹದಿನಾರು ಎಳೆ ಅಂತ ಲೆಕ್ಕ ಹೇಳಿಬಿಡುತ್ತಾನೆ. ಆ ಎಳೆಗಳನ್ನೆಲ್ಲ ನೂತವರು ಯಾರು, ಅವನು ಕೇಳುವುದಿಲ್ಲ. ಹುಂಜ ಕಳಕೊಂಡ ಈ ಹೆಂಗಸಿನಂಥವರೇ, ಮತ್ತಿನ್ಯಾರು?

ಕೊನೆಗೆ ಈಜಿನಾ. ಅಥೆನ್ಸಿನ ಎದುರಿಗಿರುವ ಸಣ್ಣ ದ್ವೀಪ. ಕತೆಯ ಇನ್ನೊಂದು ರೂಪದಲ್ಲಿ ಬ್ರಿಟೊಮಾರ್ಟಿಸ್‌ಳ ಓಟ ಬಲೆಯಲ್ಲಿ ಮುಗಿಯುವುದಿಲ್ಲ. ಮೀನುಗಾರರು ಅವಳನ್ನು ಬಲೆಯಡಿ ಬಚ್ಚಿಡುತ್ತಾರೆ. ಆಂಡ್ರೊಮಿಡಿಸ್ ಅನ್ನುವ ಮೀನುಗಾರ ದೋಣಿಯಲ್ಲಿ ಈಜಿನಾಕ್ಕೆ ಕರೆದುಕೊಂಡು ಹೋಗುತ್ತಾನೆ. ದಾರಿಯಲ್ಲಿ ಅವನಿಗೂ ಅದೇ ಬುದ್ಧಿ ಬರುತ್ತದೆ. ಕಾಪಾಡಿದವನೇ ಕೈ ಹಾಕಲು ಬರುತ್ತಾನೆ. ಅವಳು ದೋಣಿಯಿಂದ ಹಾರಿ ದಡದ ತೋಪಿನೊಳಕ್ಕೆ ಓಡಿ ಕಾಣೆಯಾಗುತ್ತಾಳೆ. ಅದಕ್ಕೇ ಅಲ್ಲಿ ಅವಳ ಹೆಸರು ಅಫಾಯಾ, ಕಣ್ಣಿಗೆ ಕಾಣದವಳು. ಕ್ಯಾಲಿಮಾಕಸ್‌ನ ಚೆಂದದ ಕತೆಗಿಂತ ಇದು ಲೋಕ ಕಂಡವರು ಹೇಳಿದ ಕತೆ ಅನ್ನಿಸುತ್ತದೆ ನನಗೆ.

ಕ್ರೀಟ್‌ನವಳು ಈಜಿನಾಕ್ಕೆ ಹೇಗೆ ಬಂದಳು? ಹಳೆಯ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಒಂದು ಎಳೆ ಕೊಡುತ್ತಾನೆ. ಸಾಮೋಸ್‌ನಿಂದ ಓಡಿಬಂದ ಕೆಲವರು ಕಿಡೋನಿಯಾದಲ್ಲಿ ನೆಲೆಸಿ ಗುಡಿಗಳನ್ನು ಕಟ್ಟಿದರು, ಡಿಕ್ಟಿನ್ನಾಳದ್ದೂ ಸೇರಿ. ಆರನೇ ವರ್ಷ ಈಜಿನಾದವರು ಬಂದು ಕ್ರೀಟ್‌ನವರ ಜೊತೆ ಸೇರಿ ಅವರನ್ನು ಸೋಲಿಸಿ ಗುಲಾಮರನ್ನಾಗಿ ಮಾಡಿದರು. ಹೋಗಿಬರುವ ದಾರಿ ಇತ್ತು ಅಂತಾಯಿತು. ಆದರೆ ಈಜಿನಾದ ಬೆಟ್ಟದ ಮೇಲೆ ಅದಕ್ಕೂ ನೂರಾರು ವರ್ಷ ಹಳೆಯ ಮಣ್ಣಿನ ಹೆಣ್ಣುಬೊಂಬೆಗಳು ಸಿಕ್ಕಿವೆ. ಅಲ್ಲೂ ಒಬ್ಬಳು ಮೊದಲಿಂದ ಇದ್ದಳು. ಇಬ್ಬರು ಆಮೇಲೆ ಒಬ್ಬಳಾದರು.

ಅಫಾಯಾಳ ಗುಡಿ ಕ್ರಿ.ಪೂ. 500ರ ಸುಮಾರಿನದು. ಇಪ್ಪತ್ತಕ್ಕೂ ಹೆಚ್ಚು ಕಂಬ ಇವತ್ತಿಗೂ ನಿಂತಿವೆ. 1811ರಲ್ಲಿ ಕಾಕರೆಲ್, ಹಾಲರ್ ಮುಂತಾದ ಯುರೋಪಿನ ಯುವಕರು ಅಗೆದು, ಗುಡಿಯ ಮುಂದಿನ ಹಿಂದಿನ ತ್ರಿಕೋನಗಳಲ್ಲಿದ್ದ ಶಿಲ್ಪಗಳನ್ನು ಹೊರತೆಗೆದರು. ಅವನ್ನು ಬವೇರಿಯಾದ ಯುವರಾಜ ಕೊಂಡುಕೊಂಡ. ಈಗ ಮ್ಯೂನಿಕ್‌ನ ಗ್ಲಿಪ್ಟೊಟೆಕ್ ಮ್ಯೂಸಿಯಮ್ಮಿನಲ್ಲಿವೆ. ಟ್ರಾಯ್ ಯುದ್ಧದ ವೀರರು, ಎರಡು ಕಡೆಯೂ ನಟ್ಟನಡುವೆ ಅಥೀನಾ. ತನ್ನ ಗುಡಿಯ ನೆತ್ತಿಯ ಮೇಲೂ ಬೇರೆಯವಳೇ ನಿಂತಿದ್ದಾಳೆ. ಅಗೆದವರಿಗೂ ಇದು ಸ್ಯೂಸ್‌ನ ಗುಡಿ ಅಂತಲೇ ಇತ್ತು. 1901ರಲ್ಲಿ ಜರ್ಮನಿಯ ಪುರಾತತ್ವಜ್ಞ ಫರ್ಟ್‌ವಾಂಗ್ಲರ್ ಮತ್ತೆ ಅಗೆದಾಗ ಒಂದು ಶಾಸನ ಸಿಕ್ಕಿತು. ಹಳೆಯ ಗುಡಿಯದ್ದು. ಅಫಾಯಾಳಿಗೆ ಮನೆ ಕಟ್ಟಿದೆವು, ಬಲಿಪೀಠ ಮಾಡಿದೆವು, ಆನೆದಂತ ಕೂಡಿಸಿದೆವು, ಸುತ್ತ ಗೋಡೆ ಹಾಕಿದೆವು ಅಂತ. ಗುಡಿ ಅನ್ನುವ ಜಾಗದಲ್ಲಿ ಅವರು ಬಳಸಿದ ಪದ "ಮನೆ". ಕಾಣದವಳು ತೊಂಬತ್ತು ವರ್ಷ ಕಾದು ತನ್ನ ವಿಳಾಸ ತೋರಿಸಿದಳು.

ನನ್ನ ಮಾತು ಇಲ್ಲಿಗೆ ಮುಗಿದಿತ್ತು. ಪ್ರಶ್ನೆ ಇದ್ದರೆ ಕೇಳಿ ಅಂದೆ. ಒಬ್ಬರು ರೋಮಿನ ಡಯಾನಾ ಬಗ್ಗೆ ಕೇಳಿದರು, ಹೇಳಿದೆ. ಆಮೇಲೆ ಬಲೆ ಕೊಟ್ಟ ಅಕ್ಕ ಎದ್ದು ನಿಂತರು.

"ಮಾಷ್ಟ್ರೇ, ಬೆಟ್ಟದ ಮೇಲಿಂದ ಹಾರಿದ್ದಲ್ವಾ ಅವಳು? ಅಷ್ಟು ಎತ್ತರದಿಂದ ಬಿದ್ರೆ ಬಲೆ ಹರಿದಿರ್ಬೇಕು. ಅದನ್ನ ಮತ್ತೆ ಯಾರು ಹೆಣೆದ್ರು?"

ಕ್ಯಾಲಿಮಾಕಸ್ ಅದನ್ನು ಬರೆದಿಲ್ಲ ಅಕ್ಕಾ, ಅಂದೆ.

"ಬರೀಲಿಕ್ಕಿಲ್ಲ ಬಿಡಿ" ಅಂದರು. ಮುಂದೆ ಬಂದು, ಬಲೆಯ ಕಣ್ಣುಗಳನ್ನು ಬೆಳಕಿಗೆ ಹಿಡಿದು ಒಂದೊಂದಾಗಿ ನೋಡಿ, ಮಡಚಿ ಚೀಲಕ್ಕೆ ಹಾಕಿಕೊಂಡರು.